ಎರಡು ಕಂಪ್ಯೂಟರು, ಒಂದೇ ಟಪಾಲು

ಬೆಳಿಗ್ಗೆ ಡೆಸ್ಕ್‌ಟಾಪ್‌ನಲ್ಲಿ ಓದಿ ಮುಗಿಸಿದ ಮೇಲ್‌ಗಳು ಸಂಜೆ ಲ್ಯಾಪ್‌ಟಾಪ್ ತೆರೆದಾಗ ಮತ್ತೆ ದಪ್ಪಕ್ಷರದಲ್ಲಿ ಹೊಸದಾಗಿ ಕೂತಿರುತ್ತವೆ. ಊರಿಗೆ ಹೋದಾಗ ಲ್ಯಾಪ್‌ಟಾಪಿನಿಂದ ಕಳಿಸಿದ ಉತ್ತರ ಮನೆಯ ಕಂಪ್ಯೂಟರಿನಲ್ಲಿ ಎಷ್ಟು ಹುಡುಕಿದರೂ ಸಿಗುವುದಿಲ್ಲ. ‘ಬ್ಯಾಂಕ್’, ‘ಮಕ್ಕಳ ಶಾಲೆ’, ‘ತೆರಿಗೆ’ ಎಂದು ಅಚ್ಚುಕಟ್ಟಾಗಿ ಜೋಡಿಸಿದ ಫೋಲ್ಡರುಗಳು ಒಂದರಲ್ಲಿವೆ, ಇನ್ನೊಂದರಲ್ಲಿ ಇಲ್ಲ. ಎರಡು ಕಂಪ್ಯೂಟರ್ ಇಟ್ಟುಕೊಂಡವರು ನನ್ನ ಬಳಿ ಹೊತ್ತು ತರುವ ತೊಂದರೆಗಳು ಹೆಚ್ಚುಕಡಿಮೆ ಇವೇ. ಬಂದವರು ಕೇಳುವುದು, ‘ಇದರಲ್ಲಿರೋ ಫೈಲುಗಳನ್ನ ಅದಕ್ಕೆ ಹೇಗೆ ಕಾಪಿ ಮಾಡೋದು ಸಾರ್?’ ಎಂದು. ನಾನು ತಿರುಗಿ ಕೇಳುವುದು ಬೇರೆ: ನಿಮ್ಮ ಮೇಲ್‌ನ ಮೂಲ ಪ್ರತಿ ಎಲ್ಲಿದೆ?

ಈ ಪ್ರಶ್ನೆಗೆ ಉತ್ತರ ಗೊತ್ತಿದ್ದರೆ ಉಳಿದ ಕೆಲಸ ಸುಲಭ. ಗೊತ್ತಿಲ್ಲದೆ ಕಾಪಿ ಮಾಡಲು ಹೊರಟರೆ ವರ್ಷಗಳ ಪತ್ರವ್ಯವಹಾರ ಕೈತಪ್ಪಿ ಹೋಗಬಹುದು. ಆದ್ದರಿಂದ ಬುಡದಿಂದ, ನಿಧಾನವಾಗಿ ನೋಡೋಣ. ಇದಕ್ಕೆ ಪ್ರೋಗ್ರಾಮಿಂಗ್ ಬರಬೇಕಿಲ್ಲ. ಮೇಲ್ ಕಳಿಸಲು, ಫೋಲ್ಡರ್ ಮಾಡಲು ಬಂದರೆ ಸಾಕು.

ಮೊದಲೇ ಒಂದು ಮಾತು. ಮೇಲ್ ನೋಡಲು ಬ್ರೌಸರ್ ಒಂದನ್ನೇ ಬಳಸುವವರಿಗೆ ಈ ತೊಂದರೆಯೇ ಇಲ್ಲ. 1996ರ ಜುಲೈ 4ರಂದು ಹಾಟ್‌ಮೇಲ್ ಶುರುವಾದಾಗ ಅದರ ಆಕರ್ಷಣೆಯೇ ಅದಾಗಿತ್ತು: ಯಾವ ಕಂಪ್ಯೂಟರಿನ ಮುಂದೆ ಕೂತರೂ ಅದೇ ಇನ್‌ಬಾಕ್ಸ್. (ಅದನ್ನು ಕಟ್ಟಿದ ಇಬ್ಬರಲ್ಲಿ ಒಬ್ಬರಾದ ಸಬೀರ್ ಭಾಟಿಯಾ ಬೆಂಗಳೂರಿನಲ್ಲಿ ಬೆಳೆದವರು.) ಆದರೂ ಥಂಡರ್‌ಬರ್ಡ್, ಔಟ್‌ಲುಕ್‌ನಂಥ ಪ್ರತ್ಯೇಕ ಮೇಲ್ ಪ್ರೋಗ್ರಾಂಗಳನ್ನು ಜನ ಬಿಟ್ಟಿಲ್ಲ, ಬಿಡಲೂ ಬೇಕಿಲ್ಲ. ನೆಟ್ ಇಲ್ಲದಾಗಲೂ ಹಳೆಯ ಮೇಲ್ ಓದಬಹುದು, ಮೂರು ನಾಲ್ಕು ವಿಳಾಸಗಳನ್ನು ಒಂದೇ ಕಡೆ ನೋಡಬಹುದು, ತಮ್ಮ ಪತ್ರಗಳ ಒಂದು ಪ್ರತಿ ತಮ್ಮ ಕೈಯಲ್ಲೇ ಇರುತ್ತದೆ. ಈ ಕೊನೆಯ ಕಾರಣ ನನಗೆ ಬಹಳ ಮುಖ್ಯ. ಈ ಲೇಖನ ಅಂಥವರಿಗಾಗಿ.

ಮೇಲ್ ಎಂದರೆ ಒಳಗೆ ಏನಿದೆ ಎಂದು ಒಮ್ಮೆ ನೋಡಿಬಿಡೋಣ. ಒಂದು ಮೇಲ್ ಎಂದರೆ ಬರೀ ಅಕ್ಷರಗಳ ಒಂದು ಉದ್ದ ಪಟ್ಟಿ. ತಲೆಯ ಭಾಗದಲ್ಲಿ ಯಾರಿಂದ, ಯಾರಿಗೆ, ದಿನಾಂಕ, ವಿಷಯ, ಜೊತೆಗೆ ಆ ಮೇಲ್‌ಗೆಂದೇ ಇರುವ ಒಂದು ಗುರುತಿನ ಸಾಲು. ಕೆಳಗೆ ನೀವು ಬರೆದದ್ದು. ಫೋಟೊ, ಪಿಡಿಎಫ್ ಲಗತ್ತಿಸಿದರೆ ಅದೂ ಅಕ್ಷರಗಳಾಗಿ ಬದಲಾಗಿ ಅದರೊಳಗೇ ಸೇರಿಕೊಳ್ಳುತ್ತದೆ. ಮೂರು ಬೈಟ್‌ಗೆ ನಾಲ್ಕು ಅಕ್ಷರದ ಲೆಕ್ಕದಲ್ಲಿ ಬದಲಾಗುವುದರಿಂದ 15 ಎಂಬಿ ಫೋಟೊಗಳು ಮೇಲ್‌ನಲ್ಲಿ ಸುಮಾರು 20 ಎಂಬಿ ಆಗುತ್ತವೆ. ಮೇಲ್ ಸಂಗ್ರಹ ನಾವು ಅಂದುಕೊಂಡದ್ದಕ್ಕಿಂತ ಬೇಗ ಊದಿಕೊಳ್ಳುವುದು ಇದರಿಂದಲೇ.

ಗಮನಿಸಬೇಕಾದ್ದು ಇನ್ನೊಂದಿದೆ. ನೀವು ಅದನ್ನು ಓದಿದ್ದೀರೋ ಇಲ್ಲವೋ, ಉತ್ತರ ಕೊಟ್ಟಿದ್ದೀರೋ, ನಕ್ಷತ್ರದ ಗುರುತು ಹಾಕಿದ್ದೀರೋ, ಯಾವ ಫೋಲ್ಡರಿಗೆ ಸೇರಿಸಿದ್ದೀರಿ, ಇದ್ಯಾವುದೂ ಕಳಿಸಿದವರು ಬರೆದ ಪತ್ರದಲ್ಲಿ ಇರುವುದಿಲ್ಲ. ಇವೆಲ್ಲ ನೀವು ಅದರ ಮೇಲೆ ಮಾಡಿದ ಕೆಲಸದ ಗುರುತುಗಳು. ಅವನ್ನು ಎಲ್ಲೋ ಒಂದು ಕಡೆ ಬೇರೆಯಾಗಿ ಬರೆದಿಡಬೇಕು. ಎರಡು ಕಂಪ್ಯೂಟರುಗಳ ಮೇಲ್ ಹೊಂದಿಕೊಂಡಿದೆ ಎನ್ನಬೇಕಾದರೆ ಪತ್ರ, ಅದು ಇರುವ ಜಾಗ, ಅದರ ಮೇಲಿನ ಗುರುತು ಮೂರೂ ಹೊಂದಿಕೊಂಡಿರಬೇಕು. ಜನ ಮೊದಲನೆಯದನ್ನು ಮಾತ್ರ ನೆನಪಿಟ್ಟುಕೊಂಡು ಉಳಿದೆರಡನ್ನು ಮರೆಯುತ್ತಾರೆ.

ಈಗ ಪಾಪ್ ಮತ್ತು ಐಮ್ಯಾಪ್. ನಿಮ್ಮ ಪ್ರೋಗ್ರಾಂ ಸರ್ವರ್‌ನಿಂದ, ಅಂದರೆ ಮೇಲ್ ಸೇವೆ ಕೊಡುವವರ ಕಂಪ್ಯೂಟರಿನಿಂದ, ಮೇಲ್ ಪಡೆಯುವ ಎರಡು ಪದ್ಧತಿಗಳಿವು. ಖಾತೆ ಸೇರಿಸುವಾಗ ಇವುಗಳಲ್ಲಿ ಒಂದನ್ನು ಆರಿಸಿಕೊಂಡಿರುತ್ತೀರಿ, ಅಥವಾ ಸೆಟಪ್ ಮಾಡಿಕೊಟ್ಟವರು ಆರಿಸಿರುತ್ತಾರೆ.

ಪಾಪ್ ಮೊದಲ ಬಾರಿ ರೂಪುಗೊಂಡದ್ದು 1984ರಲ್ಲಿ. ಇವತ್ತಿಗೂ ಬಳಕೆಯಲ್ಲಿರುವ ಅದರ ಮೂರನೆಯ ರೂಪ 1988ರದ್ದು. ಆ ಕಾಲಕ್ಕೆ ಅದು ಬಹಳ ವಿವೇಕದ ಏರ್ಪಾಡು. ಸರ್ವರ್‌ನಲ್ಲಿ ಜಾಗ ಕಡಿಮೆ, ಫೋನ್ ಸಂಪರ್ಕ ದುಬಾರಿ. ಹಾಗಾಗಿ ಡಯಲ್ ಮಾಡಬೇಕು, ಬಂದ ಮೇಲ್‌ಗಳನ್ನೆಲ್ಲ ತನ್ನ ಕಂಪ್ಯೂಟರಿಗೆ ಇಳಿಸಿಕೊಳ್ಳಬೇಕು, ಸರ್ವರ್‌ನಲ್ಲಿರುವುದನ್ನು ಅಳಿಸಬೇಕು, ಫೋನ್ ಇಡಬೇಕು. ನಮ್ಮಲ್ಲಿ ವಿಎಸ್ಎನ್ಎಲ್ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಇಂಟರ್ನೆಟ್ ಕೊಡಲು ಶುರುಮಾಡಿದ ಮೇಲೆ ಡಯಲ್-ಅಪ್ ಮೋಡೆಂ ಕಂಡವರಿಗೆ ಇದರ ಬೆಲೆ ಗೊತ್ತು. ಬೇಗ ಇಳಿಸಿಕೊಂಡು ಲೈನ್ ಕಡಿದು, ಆಮೇಲೆ ನಿಧಾನವಾಗಿ ಓದುವುದೇ ಆಗ ಜಾಣತನ.

ಪಾಪ್‌ನಲ್ಲಿ ಮೂಲ ಪ್ರತಿ ನಿಮ್ಮ ಕಂಪ್ಯೂಟರಿನಲ್ಲಿದೆ. ಸರ್ವರ್ ಬರೀ ದಾರಿಯ ತಂಗುದಾಣ. ಒಂದೇ ಕಂಪ್ಯೂಟರ್ ಇದ್ದಾಗ ಇದರಲ್ಲಿ ಯಾವ ದೋಷವೂ ಇಲ್ಲ. ಎರಡನೆಯದು ಮನೆಗೆ ಬಂದ ದಿನ ಎಲ್ಲ ಕೆಡುತ್ತದೆ, ಏಕೆಂದರೆ ಯಾವುದು ಮೊದಲು ಸರ್ವರ್‌ಗೆ ಹೋಯಿತೋ ಮೇಲ್ ಅದರ ಪಾಲು. ಸೋಮವಾರದ ಪತ್ರಗಳು ಡೆಸ್ಕ್‌ಟಾಪ್‌ನಲ್ಲಿ, ಮಂಗಳವಾರದ್ದು ಲ್ಯಾಪ್‌ಟಾಪ್‌ನಲ್ಲಿ. ಮನೆಯವರಿಗೆ ಯಾವ ಪತ್ರ ಎಲ್ಲಿದೆ ಎಂದೇ ತಿಳಿಯುವುದಿಲ್ಲ.

ಇದಕ್ಕೆ ಪಾಪ್‌ನಲ್ಲೇ ಒಂದು ಅರೆ ಪರಿಹಾರವಿದೆ. ಸರ್ವರ್ ಸೆಟ್ಟಿಂಗ್ಸ್‌ನಲ್ಲಿ ‘ಲೀವ್ ಮೆಸೇಜಸ್ ಆನ್ ಸರ್ವರ್’ ಎಂಬ ಆಯ್ಕೆಗೆ ಟಿಕ್ ಹಾಕಿದರೆ ಇಳಿಸಿಕೊಂಡ ಮೇಲೂ ಮೇಲ್ ಸರ್ವರ್‌ನಲ್ಲೇ ಉಳಿಯುತ್ತದೆ. ಆಗ ಎರಡೂ ಕಂಪ್ಯೂಟರಿಗೆ ಪ್ರತಿಯೊಂದು ಪತ್ರವೂ ಸಿಗುತ್ತದೆ. ಆದರೆ ಸಿಗುವುದು ಪತ್ರ ಮಾತ್ರ. ಓದಿದ ಗುರುತು, ಫೋಲ್ಡರ್, ಕಳಿಸಿದ ಪತ್ರಗಳು ಯಾವುವೂ ದಾಟಿ ಹೋಗುವುದಿಲ್ಲ. ಒಂದೇ ರಾಶಿ ಜಾಹೀರಾತನ್ನು ಎರಡು ಸಲ ಅಳಿಸಬೇಕು. ಕೆಲವು ದಿನದ ಮಟ್ಟಿಗೆ ಈ ಏರ್ಪಾಡು ಸರಿ, ವರ್ಷಗಟ್ಟಲೆ ಇದರಲ್ಲೇ ಒದ್ದಾಡಬೇಡಿ.

ಐಮ್ಯಾಪ್‌ನ ಆಲೋಚನೆಯೇ ಬೇರೆ. 1986ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ ಮಾರ್ಕ್ ಕ್ರಿಸ್ಪಿನ್ ಅದನ್ನು ರೂಪಿಸಿದರು. ಪತ್ರ, ಫೋಲ್ಡರ್, ಗುರುತು ಎಲ್ಲವೂ ಸರ್ವರ್‌ನಲ್ಲಿರಲಿ, ಕಂಪ್ಯೂಟರುಗಳು ಅದನ್ನು ನೋಡಲಿ, ತಿದ್ದಲಿ ಎಂಬುದು ಅದರ ಸಾರ. ಬ್ಯಾಂಕಿನ ಪಾಸ್‌ಬುಕ್ ನೆನಪಿಸಿಕೊಳ್ಳಿ. ಲೆಕ್ಕ ಇರುವುದು ಬ್ಯಾಂಕಿನ ಲೆಡ್ಜರ್‌ನಲ್ಲಿ, ಪಾಸ್‌ಬುಕ್ ಅದರ ನಕಲು. ಹಳೆಯ ಪುಸ್ತಕ ಕಳೆದರೆ ಹೊಸದನ್ನು ಕೊಟ್ಟು ಮತ್ತೆ ಎಂಟ್ರಿ ಹಾಕಿಸುತ್ತಾರೆ, ದುಡ್ಡೇನೂ ಹೋಗುವುದಿಲ್ಲ. ಐಮ್ಯಾಪ್‌ನಲ್ಲಿ ನಿಮ್ಮ ಡೆಸ್ಕ್‌ಟಾಪ್ ಒಂದು ಪಾಸ್‌ಬುಕ್, ಲ್ಯಾಪ್‌ಟಾಪ್ ಇನ್ನೊಂದು, ಫೋನ್ ಮತ್ತೊಂದು. ಒಂದರಿಂದ ಇನ್ನೊಂದಕ್ಕೆ ಯಾರೂ ನಕಲು ಮಾಡುವುದಿಲ್ಲ, ಎಲ್ಲವೂ ಲೆಡ್ಜರ್ ನೋಡಿಯೇ ಬರೆದುಕೊಳ್ಳುತ್ತವೆ.

ಒಳಗೆ ನಡೆಯುವ ಮಾತುಕತೆ ತಿಳಿದರೆ ಮುಂದೆ ಬರುವ ಸಣ್ಣಪುಟ್ಟ ತೊಡಕುಗಳಿಗೆ ಹೆದರಿಕೆಯಾಗುವುದಿಲ್ಲ. ಒಂದು ಫೋಲ್ಡರಿಗೆ ಬಂದ ಪ್ರತಿಯೊಂದು ಪತ್ರಕ್ಕೂ ಸರ್ವರ್ ಏರುತ್ತಾ ಹೋಗುವ ಒಂದು ಸಂಖ್ಯೆ ಕೊಡುತ್ತದೆ. ಲ್ಯಾಪ್‌ಟಾಪ್ ಸಂಪರ್ಕಕ್ಕೆ ಬಂದಾಗ ‘ನನ್ನ ಹತ್ತಿರ 4812ರವರೆಗೆ ಇದೆ, ಮುಂದೆ ಏನಾದರೂ ಬಂದಿದೆಯೇ? ಹಳೆಯವುಗಳ ಗುರುತು ಬದಲಾಗಿದೆಯೇ?’ ಎಂದು ಕೇಳುತ್ತದೆ. ಓದಿದ್ದು, ಉತ್ತರಿಸಿದ್ದು, ನಕ್ಷತ್ರ ಹಾಕಿದ್ದು, ಅಳಿಸಲು ಗುರುತಿಸಿದ್ದು, ಕರಡು ಎಂಬ ಐದು ಗುರುತುಗಳನ್ನು ಸರ್ವರ್ ಪ್ರತಿ ಪತ್ರದ ಜೊತೆ ಇಟ್ಟುಕೊಂಡಿರುತ್ತದೆ. ಬದಲಾದದ್ದನ್ನಷ್ಟೇ ತಿಳಿಸುವುದರಿಂದ ಹತ್ತಾರು ಸಾವಿರ ಪತ್ರಗಳಿದ್ದರೂ ಕೆಲಸ ಕೆಲವೇ ಕ್ಷಣಗಳಲ್ಲಿ ಮುಗಿಯುತ್ತದೆ. 1997ರಲ್ಲಿ ಸೇರಿದ ಇನ್ನೊಂದು ಸೌಲಭ್ಯದಿಂದ ಪ್ರೋಗ್ರಾಂ ಸಂಪರ್ಕ ಬಿಡದೆ ಸುಮ್ಮನೆ ಕಾಯುತ್ತಾ ಕೂರಬಹುದು, ಹೊಸ ಪತ್ರ ಬಂದ ಕೂಡಲೇ ಸರ್ವರ್ ತಾನೇ ತಿಳಿಸುತ್ತದೆ.

ನೆಟ್ ಇಲ್ಲದಾಗ ಏನಾಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆ ಇಳಿಯುವ ರೈಲಿನಲ್ಲಿ, ಸಿಗ್ನಲ್ ಹೋದ ಮೇಲೆ ನೀವು ಲ್ಯಾಪ್‌ಟಾಪ್ ತೆರೆದಿರೆನ್ನಿ. ಪತ್ರಗಳ ಪ್ರತಿ ಮೊದಲೇ ಇಳಿದಿದ್ದರೆ ಓದಬಹುದು, ಉತ್ತರ ಬರೆಯಬಹುದು, ಫೋಲ್ಡರಿಗೆ ಸೇರಿಸಬಹುದು. ಪ್ರೋಗ್ರಾಂ ಅವನ್ನೆಲ್ಲ ಬಾಕಿ ಕೆಲಸಗಳೆಂದು ಬರೆದಿಟ್ಟುಕೊಂಡು, ಮಂಗಳೂರು ತಲುಪಿ ನೆಟ್ ಸಿಕ್ಕಿದ ಮೇಲೆ ಸರ್ವರ್‌ಗೆ ಒಪ್ಪಿಸುತ್ತದೆ. ಇದಕ್ಕೆ ಥಂಡರ್‌ಬರ್ಡ್‌ನ ಅಕೌಂಟ್ ಸೆಟ್ಟಿಂಗ್ಸ್‌ನಲ್ಲಿ ‘ಸಿಂಕ್ರೊನೈಸೇಶನ್ ಅಂಡ್ ಸ್ಟೋರೇಜ್’ ಎಂಬಲ್ಲಿ ಪತ್ರಗಳನ್ನು ಈ ಕಂಪ್ಯೂಟರಿನಲ್ಲೂ ಇಡಬೇಕೆಂಬ ಆಯ್ಕೆಗೆ ಟಿಕ್ ಇರಬೇಕು. ಲ್ಯಾಪ್‌ಟಾಪಿನ ಡಿಸ್ಕ್ ಚಿಕ್ಕದಾಗಿದ್ದರೆ ಇತ್ತೀಚಿನ ಒಂದು ವರ್ಷದ್ದು ಮಾತ್ರ ಇಡಲು ಹೇಳಬಹುದು. ಡೆಸ್ಕ್‌ಟಾಪ್‌ನಲ್ಲಿ ಮಾತ್ರ ಎಲ್ಲವನ್ನೂ ಇಡಿ, ಕಾರಣ ಆಮೇಲೆ ಹೇಳುತ್ತೇನೆ.

ಕಳಿಸಿದ ಪತ್ರಗಳ ಗೊಂದಲಕ್ಕೆ ಕಾರಣ ಸರಳ. ಪತ್ರವನ್ನು ಹೊರಗೆ ಕಳಿಸುವುದು ಎಸ್ಎಂಟಿಪಿ ಎಂಬ ಮೂರನೆಯ ಪದ್ಧತಿ. ಕಳಿಸಿ ಮುಗಿದ ಮೇಲೆ ಅದಕ್ಕೆ ಆ ಪತ್ರದ ನೆನಪಿಲ್ಲ. ನಿಮ್ಮ ಪ್ರೋಗ್ರಾಂ ಬೇರೆಯಾಗಿ ಇನ್ನೊಂದು ಪ್ರತಿಯನ್ನು ‘ಸೆಂಟ್’ ಫೋಲ್ಡರಿಗೆ ಹಾಕಬೇಕು. ಆ ಫೋಲ್ಡರ್ ಸರ್ವರ್‌ನದ್ದಾಗಿದ್ದರೆ ಎಲ್ಲ ಕಡೆ ಕಾಣುತ್ತದೆ, ‘ಲೋಕಲ್ ಫೋಲ್ಡರ್ಸ್’ ಕೆಳಗಿನದ್ದಾಗಿದ್ದರೆ ಆ ಒಂದು ಕಂಪ್ಯೂಟರಿನಲ್ಲೇ ಉಳಿಯುತ್ತದೆ. ಒಂದು ಪ್ರೋಗ್ರಾಂ ‘ಸೆಂಟ್’ ಎಂದರೆ ಇನ್ನೊಂದು ‘ಸೆಂಟ್ ಐಟಮ್ಸ್’ ಎಂದು ಬೇರೆ ಫೋಲ್ಡರ್ ಮಾಡಿಕೊಳ್ಳುವುದೂ ಉಂಟು. ಥಂಡರ್‌ಬರ್ಡ್‌ನಲ್ಲಿ ‘ಕಾಪೀಸ್ ಅಂಡ್ ಫೋಲ್ಡರ್ಸ್’ ಎಂಬ ಪುಟ ತೆರೆದು, ಎರಡೂ ಕಂಪ್ಯೂಟರಿನಲ್ಲಿ ಕಳಿಸಿದ ಪತ್ರಕ್ಕೂ ಕರಡಿಗೂ ಸರ್ವರ್‌ನ ಅದದೇ ಫೋಲ್ಡರನ್ನು ತೋರಿಸಿಬಿಡಿ; ಕಸದಬುಟ್ಟಿಗೆ ‘ಸರ್ವರ್ ಸೆಟ್ಟಿಂಗ್ಸ್’ ಪುಟದಲ್ಲಿ ಹೀಗೆಯೇ ಮಾಡಿ.

ಇಷ್ಟಾದ ಮೇಲೆ ನನ್ನ ಸಲಹೆ ನೇರ. ನಿಮ್ಮ ಸರ್ವರ್‌ನಲ್ಲಿ ಜಾಗ ಇದ್ದರೆ ಐಮ್ಯಾಪ್‌ಗೆ ಬನ್ನಿ. ಎರಡು ಕಂಪ್ಯೂಟರುಗಳ ನಡುವೆ ಫೈಲುಗಳನ್ನು ಓಡಾಡಿಸುವ ಯಾವ ಜಾಣ್ಮೆಯೂ ಇದಕ್ಕೆ ಸಮನಲ್ಲ.

ಪಾಪ್‌ನಿಂದ ಐಮ್ಯಾಪ್‌ಗೆ ಬರುವವರು ಅವಸರ ಮಾಡಬಾರದು. ಥಂಡರ್‌ಬರ್ಡ್‌ನಲ್ಲಿ ಇರುವ ಪಾಪ್ ಖಾತೆಯನ್ನೇ ಐಮ್ಯಾಪ್ ಆಗಿ ಬದಲಿಸಲು ಬರುವುದಿಲ್ಲ, ಅದೇ ವಿಳಾಸವನ್ನು ಐಮ್ಯಾಪ್ ಎಂದು ಎರಡನೆಯ ಬಾರಿ ಸೇರಿಸಬೇಕು. ಅದಕ್ಕೂ ಮೊದಲು ಪತ್ರ, ಸೆಟ್ಟಿಂಗ್ ಎಲ್ಲವೂ ಇರುವ ಪ್ರೊಫೈಲ್ ಫೋಲ್ಡರ್ ಪೂರ್ತಿಯಾಗಿ ಒಂದು ಹೊರಗಿನ ಡಿಸ್ಕ್‌ಗೆ ಕಾಪಿಯಾಗಲಿ. ಹೆಲ್ಪ್ ಮೆನುವಿನ ‘ಟ್ರಬಲ್‌ಶೂಟಿಂಗ್ ಇನ್ಫರ್ಮೇಶನ್’ ಪುಟದಲ್ಲಿ ಆ ಫೋಲ್ಡರ್ ತೆರೆಯುವ ಗುಂಡಿ ಇದೆ. ಅದು ಎಲ್ಲಿದೆ ಎಂದು ನೋಡಿಕೊಂಡು, ಥಂಡರ್‌ಬರ್ಡ್ ಮುಚ್ಚಿ, ಆಮೇಲೆ ಕಾಪಿ ಮಾಡಿ. ಇದನ್ನು ಮಾಡದೆ ಮುಂದಿನ ಸಾಲು ಓದಬೇಡಿ ಎಂದೇ ನಾನು ಹೇಳುವುದು.

ಸರ್ವರ್‌ನಲ್ಲಿ ಎಷ್ಟು ಜಾಗವಿದೆ ಎಂದು ನೋಡಿ. ಜಿಮೇಲ್‌ನ ಉಚಿತ ಖಾತೆಯಲ್ಲಿ 15 ಜಿಬಿ ಎಂದರೆ ಅದು ಡ್ರೈವ್ ಮತ್ತು ಫೋಟೊಗಳ ಜೊತೆ ಹಂಚಿಕೊಂಡ ಜಾಗ. ಫೋನಿನ ಫೋಟೊಗಳೇ ಅದನ್ನು ತಿಂದು ಹಾಕಿರಬಹುದು. ಐಮ್ಯಾಪ್ ಖಾತೆ ಸೇರಿಸುವಾಗ ಸರ್ವರ್‌ನ ವಿವರಗಳನ್ನು ಪ್ರೋಗ್ರಾಂ ತಾನೇ ಹುಡುಕಿಕೊಳ್ಳುತ್ತದೆ. ಕೈಯಾರೆ ತುಂಬಬೇಕಾಗಿ ಬಂದರೆ ಭದ್ರ ಸಂಪರ್ಕದ ಐಮ್ಯಾಪ್‌ಗೆ ಪೋರ್ಟ್ ಸಂಖ್ಯೆ 993, ಕಳಿಸುವುದಕ್ಕೆ 465 ಅಥವಾ 587. ಜಿಮೇಲ್‌ನವರಿಗೆ ಪಾಸ್‌ವರ್ಡ್ ಕೇಳುವ ಒಂದು ಬ್ರೌಸರ್ ಕಿಟಕಿ ತೆರೆದುಕೊಳ್ಳುತ್ತದೆ, ಅಲ್ಲಿ ಒಪ್ಪಿಗೆ ಕೊಟ್ಟರಾಯಿತು.

ಈಗ ಹಳೆಯ ಪಾಪ್ ಖಾತೆಯ ಫೋಲ್ಡರುಗಳಿಂದ ಪತ್ರಗಳನ್ನು ಹೊಸ ಐಮ್ಯಾಪ್ ಖಾತೆಯ ಫೋಲ್ಡರುಗಳಿಗೆ ಸೇರಿಸಬೇಕು. ‘ಮೂವ್’ ಬೇಡ, ‘ಕಾಪಿ’ ಮಾಡಿ. ಇಡೀ ಹತ್ತು ವರ್ಷದ್ದನ್ನು ಒಮ್ಮೆಗೇ ಎಳೆಯಬೇಡಿ. ಒಂದು ವರ್ಷದ್ದು, ಅದರಲ್ಲೂ ಕೆಲವು ನೂರರಷ್ಟು ಆರಿಸಿಕೊಂಡು ಕಾಪಿ ಮಾಡಿ, ಎರಡೂ ಫೋಲ್ಡರುಗಳ ಸಂಖ್ಯೆ ತಾಳೆಯಾಗುತ್ತದೆಯೇ ನೋಡಿ, ಬ್ರೌಸರ್‌ನಲ್ಲಿ ತೆರೆದು ಎರಡು ಮೂರು ಪತ್ರಗಳ ಲಗತ್ತುಗಳನ್ನು ಬಿಚ್ಚಿ ನೋಡಿ. ನಡುವೆ ಕರೆಂಟ್ ಹೋದರೆ ಎಲ್ಲಿಗೆ ನಿಂತಿತೆಂದು ತಿಳಿಯುವುದು ಹೀಗೆ ಸಣ್ಣ ತುಂಡುಗಳಲ್ಲಿ ಮಾಡಿದಾಗ ಮಾತ್ರ. ಅಪ್‌ಲೋಡ್ ವೇಗ ಕಡಿಮೆ ಇರುವ ಊರುಗಳಲ್ಲಿ ಒಂದು ವಾರ ಹಿಡಿದರೂ ಹಿಡಿಯಲಿ. ಹಳೆಯ ಪಾಪ್ ಖಾತೆಯು ತಾನಾಗಿ ಹೊಸ ಮೇಲ್ ಇಳಿಸಿಕೊಳ್ಳುವುದನ್ನು ಮಾತ್ರ ನಿಲ್ಲಿಸಿ, ಖಾತೆಯನ್ನು ಸದ್ಯಕ್ಕೆ ತೆಗೆಯಬೇಡಿ. ಲ್ಯಾಪ್‌ಟಾಪ್‌ನಲ್ಲೂ ಬೇರೆ ಪತ್ರಗಳು ಪಾಪ್‌ನಲ್ಲಿ ಸೇರಿಕೊಂಡಿದ್ದರೆ ಅಲ್ಲಿಂದಲೂ ಹೀಗೆಯೇ.

ಜಿಮೇಲ್ ಬಳಸುವವರಿಗೆ ಒಂದು ವಿಷಯ ವಿಚಿತ್ರವಾಗಿ ಕಾಣುತ್ತದೆ. ಜಿಮೇಲ್‌ನಲ್ಲಿ ನಿಜವಾಗಿ ಇರುವುದು ಫೋಲ್ಡರುಗಳಲ್ಲ, ಲೇಬಲ್‌ಗಳು. ಒಂದೇ ಪತ್ರಕ್ಕೆ ಎರಡು ಲೇಬಲ್ ಇದ್ದರೆ ಥಂಡರ್‌ಬರ್ಡ್‌ನಲ್ಲಿ ಅದು ಎರಡು ಫೋಲ್ಡರಿನಲ್ಲೂ, ಮೇಲಾಗಿ ‘ಆಲ್ ಮೇಲ್’ನಲ್ಲೂ ಕಾಣಿಸುತ್ತದೆ. ನಕಲಿ ಎಂದುಕೊಂಡು ಅಳಿಸಲು ಹೋಗಬೇಡಿ, ಅವೆಲ್ಲ ಒಂದೇ ಪತ್ರ.

ಸರ್ವರ್‌ನಲ್ಲಿ ಇಡಲು ಆಗದವರು, ಇಡಲು ಒಪ್ಪದವರೂ ಇದ್ದಾರೆ. ಕಕ್ಷಿದಾರರ ಕಾಗದಗಳನ್ನು ಬೇರೆಯವರ ಸರ್ವರ್‌ನಲ್ಲಿ ಬಿಡಲು ಹಿಂಜರಿಯುವ ವಕೀಲರು, ಕೆಲವೇ ನೂರು ಎಂಬಿ ಜಾಗ ಕೊಡುವ ಸಂಸ್ಥೆಯ ಮೇಲ್ ಇರುವವರು. ಇಂಥವರಿಗೆ ಎರಡೂ ಕಡೆಯ ಫೈಲುಗಳನ್ನೇ ಹೊಂದಿಸುವುದು, ಅಂದರೆ ಸಿಂಕ್ ಮಾಡುವುದು, ಅನಿವಾರ್ಯ. ಅವರಿಗೆ ಎಚ್ಚರಿಕೆ ಹೆಚ್ಚು ಬೇಕು.

ಥಂಡರ್‌ಬರ್ಡ್ ಸಾಮಾನ್ಯವಾಗಿ ಒಂದು ಫೋಲ್ಡರಿನ ಎಲ್ಲ ಪತ್ರಗಳನ್ನೂ ಎಂಬಾಕ್ಸ್ ಎಂಬ ರೀತಿಯಲ್ಲಿ ಒಂದೇ ಫೈಲಿನಲ್ಲಿ ಒಂದರ ಕೆಳಗೊಂದು ಬರೆದಿಡುತ್ತದೆ. ಇನ್‌ಬಾಕ್ಸ್‌ನಲ್ಲಿ 3 ಜಿಬಿ ಪತ್ರ ಇದ್ದರೆ 3 ಜಿಬಿಯ ಒಂದೇ ಫೈಲು. ನೀವು ಒಂದು ಪತ್ರ ಓದಿದರೂ ಆ ಗುರುತಿಗಾಗಿ ಆ ಫೈಲು ಬದಲಾಗಬಹುದು. ಅಳಿಸಿದ ಪತ್ರ ಕೂಡಲೇ ಹೋಗುವುದಿಲ್ಲ, ‘ಕಾಂಪ್ಯಾಕ್ಟ್’ ಮಾಡುವವರೆಗೆ ಒಳಗೇ ಇರುತ್ತದೆ. ಪಕ್ಕದಲ್ಲಿ ಅದರ ಸೂಚಿಯ ಫೈಲು ಬೇರೆ. ಔಟ್‌ಲುಕ್‌ನ ಪಿಎಸ್‌ಟಿ ಇನ್ನೂ ದೊಡ್ಡ ಪೆಟ್ಟಿಗೆ: ಎಲ್ಲ ಫೋಲ್ಡರುಗಳೂ ಸೇರಿ ಒಂದೇ ಫೈಲು. ಔಟ್‌ಲುಕ್ 2002ರವರೆಗೆ ಅದರ ಮಿತಿ 2 ಜಿಬಿ ಇತ್ತು, ಅದನ್ನು ಮೀರಿದಾಗ ಪಿಎಸ್‌ಟಿ ತೆರೆಯದೇ ಹೋಗುತ್ತಿತ್ತು.

ಈಗ ಇಂಥ ಫೈಲುಗಳಿರುವ ಪ್ರೊಫೈಲ್ ಫೋಲ್ಡರನ್ನು ಡ್ರಾಪ್‌ಬಾಕ್ಸ್ ಅಥವಾ ಒನ್‌ಡ್ರೈವ್‌ನಂಥ ಸಿಂಕ್ ಸೇವೆಯಲ್ಲಿ ಇಟ್ಟು, ಎರಡೂ ಕಡೆ ಮೇಲ್ ಪ್ರೋಗ್ರಾಂ ತೆರೆದಿಟ್ಟರೆ ಏನಾಗುತ್ತದೆ ನೋಡಿ. ಡೆಸ್ಕ್‌ಟಾಪ್ ಇನ್‌ಬಾಕ್ಸ್ ಫೈಲಿಗೆ ಒಂದು ಪತ್ರ ಸೇರಿಸಿತು. ಅದೇ ಹೊತ್ತಿಗೆ ಲ್ಯಾಪ್‌ಟಾಪ್ ಬೇರೊಂದು ಸೇರಿಸಿತು. ಸಿಂಕ್ ಮಾಡುವ ಪ್ರೋಗ್ರಾಂಗೆ ಒಳಗೆ ಪತ್ರಗಳಿವೆ ಎಂಬುದೇ ಗೊತ್ತಿಲ್ಲ. ಅದಕ್ಕೆ ಕಾಣುವುದು ಒಂದೇ ಹೆಸರಿನ, ಬೇರೆ ಬೇರೆಯಾದ ಎರಡು ದೊಡ್ಡ ಫೈಲು. ಒಂದನ್ನು ಉಳಿಸಿ, ಇನ್ನೊಂದಕ್ಕೆ ಬೇರೆ ಹೆಸರು ಕೊಟ್ಟು ಪಕ್ಕಕ್ಕಿಡುತ್ತದೆ. ಅದರೊಳಗಿನ ಪತ್ರಗಳು ನಿಮ್ಮ ಕಣ್ಣಿಗೆ ಬೀಳುವುದಿಲ್ಲ. ಅರ್ಧ ಬರೆದ ಫೈಲು ದಾಟಿಹೋದರೆ ಹಳೆಯ ಸೂಚಿಗೂ ಹೊಸ ಫೈಲಿಗೂ ತಾಳೆಯಾಗದೆ ಪತ್ರಗಳು ಕಲಸಿಹೋದಂತೆ ಕಾಣುತ್ತವೆ.

ಆದ್ದರಿಂದ ಇಲ್ಲಿ ತಪ್ಪಲೇಬಾರದ ನಿಯಮ ಒಂದೇ: ಒಂದು ಹೊತ್ತಿಗೆ ಒಂದೇ ಕಂಪ್ಯೂಟರಿನಲ್ಲಿ ಮೇಲ್ ಪ್ರೋಗ್ರಾಂ ತೆರೆದಿರಬೇಕು. ಡೆಸ್ಕ್‌ಟಾಪ್‌ನಲ್ಲಿ ಮುಚ್ಚಿ, ಸಿಂಕ್ ಪೂರ್ತಿ ಮುಗಿಯುವವರೆಗೆ ಕಾದು, ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ತೆರೆಯಿರಿ. ಹೊಂದಿಸುವಾಗ ಪ್ರೊಫೈಲ್ ಫೋಲ್ಡರ್ ಇಡಿಯಾಗಿ ಹೋಗಲಿ, ಒಳಗಿನ ಒಂದೆರಡು ಫೈಲನ್ನು ಆರಿಸಿ ಕಳಿಸಬೇಡಿ. ಎರಡೂ ಕಡೆ ಪ್ರೋಗ್ರಾಂನ ಆವೃತ್ತಿ ಒಂದೇ ಇರಲಿ. ಹೊಸ ಥಂಡರ್‌ಬರ್ಡ್ ಒಮ್ಮೆ ತೆರೆದ ಪ್ರೊಫೈಲನ್ನು ಹಳೆಯದು ತೆರೆಯಲು ಒಪ್ಪುವುದಿಲ್ಲ.

ಇದಕ್ಕೆ ಸಾಧನಗಳನ್ನು ಆರಿಸುವಾಗಲೂ ತಿಳಿದಿರಬೇಕಾದ ವ್ಯತ್ಯಾಸವಿದೆ. ಲಿನಕ್ಸ್ ಬಳಸುವವರ ನೆಚ್ಚಿನ ಆರ್‌ಸಿಂಕ್ 1996ರಿಂದ ಇದೆ, ಬದಲಾದ ತುಂಡನ್ನಷ್ಟೇ ಕಳಿಸುವ ಅದರ ಜಾಣತನ ದೊಡ್ಡದು. ಆದರೆ ಅದು ಒಂದು ದಿಕ್ಕಿನದ್ದು: ಇಲ್ಲಿರುವಂತೆ ಅಲ್ಲಿ ಮಾಡು ಎಂಬಷ್ಟೇ ಅದಕ್ಕೆ ಗೊತ್ತು. ದಿಕ್ಕು ತಪ್ಪಿ ಆಜ್ಞೆ ಕೊಟ್ಟರೆ ನಿನ್ನೆಯ ಪ್ರತಿ ಇವತ್ತಿನದರ ಮೇಲೆ ಕೂತುಬಿಡುತ್ತದೆ. ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದ ಬೆಂಜಮಿನ್ ಪಿಯರ್ಸ್ ಮತ್ತು ಸಂಗಡಿಗರ ಯೂನಿಸನ್ ಎರಡೂ ದಿಕ್ಕಿನದ್ದು. ಕಳೆದ ಸಲ ಹೇಗಿತ್ತು ಎಂದು ನೆನಪಿಟ್ಟುಕೊಂಡು, ಯಾವ ಕಡೆ ಬದಲಾಗಿದೆ ಎಂದು ಲೆಕ್ಕ ಹಾಕುತ್ತದೆ. ಎರಡೂ ಕಡೆ ಬದಲಾಗಿದ್ದರೆ ನಿಂತು ನಿಮ್ಮನ್ನು ಕೇಳುತ್ತದೆ. ಹೀಗೆ ಕೇಳುವ ಸಾಧನವೇ ಕಲಿಯುವವರಿಗೆ ಒಳ್ಳೆಯದು.

ಇವಕ್ಕಿಂತ ಸರಳವಾದ ಒಂದು ಹಾದಿಯೂ ಇದೆ. ಪ್ರೊಫೈಲನ್ನು ಒಂದು ಪೋರ್ಟಬಲ್ ಎಸ್ಎಸ್‌ಡಿಯಲ್ಲಿಟ್ಟು, ಯಾವ ಕಂಪ್ಯೂಟರಿನಲ್ಲಿ ಕೂತಿರಿ ಅದಕ್ಕೆ ಚುಚ್ಚುವುದು. ಪ್ರತಿ ಒಂದೇ ಆದ್ದರಿಂದ ಸಿಂಕ್ ಮಾಡುವ ಪ್ರಶ್ನೆಯೇ ಇಲ್ಲ. ಅದಕ್ಕೆ ಬ್ಯಾಕಪ್ ಮತ್ತು ಎನ್‌ಕ್ರಿಪ್ಶನ್ ಎರಡೂ ಇರಲೇಬೇಕು. ಕಳೆದುಹೋಗುವ ವಸ್ತು ಅದು.

ಎಂಬಾಕ್ಸ್‌ನ ಈ ಕಷ್ಟವನ್ನು ಬಹಳ ಹಿಂದೆಯೇ ಕಂಡವರು ಡೇನಿಯಲ್ ಬರ್ನ್‌ಸ್ಟೈನ್. 1990ರ ದಶಕದಲ್ಲಿ ತಮ್ಮ ಕ್ಯೂಮೇಲ್ ಎಂಬ ಮೇಲ್ ಸರ್ವರ್ ಪ್ರೋಗ್ರಾಂಗಾಗಿ ಅವರು ರೂಪಿಸಿದ ಮೇಲ್‌ಡಿರ್ ಪದ್ಧತಿಯಲ್ಲಿ ಪ್ರತಿ ಪತ್ರವೂ ಒಂದೊಂದು ಫೈಲು, ಓದಿದ ಗುರುತು ಫೈಲಿನ ಹೆಸರಿನ ಕೊನೆಯಲ್ಲೇ. ಎರಡು ಕಡೆ ಎರಡು ಪತ್ರ ಸೇರಿದರೆ ಎರಡು ಬೇರೆ ಫೈಲುಗಳಾಗುವುದರಿಂದ ಜಗಳವೇ ಇಲ್ಲ. ಸಿಂಕ್ ಮಾಡುವವರಿಗೆ ಇದು ಬಹಳ ಹಿತ. ಆದರೆ ಆ ಹೆಸರುಗಳಲ್ಲಿ ಬರುವ ‘:’ ಚಿಹ್ನೆಯನ್ನು ವಿಂಡೋಸ್ ಫೈಲಿನ ಹೆಸರಿನಲ್ಲಿ ಒಪ್ಪುವುದಿಲ್ಲ. ಎರಡೂ ಕಂಪ್ಯೂಟರುಗಳಲ್ಲಿ ಲಿನಕ್ಸ್ ಇರುವವರಿಗೇ ಇದು ಸರಾಗ.

ಕಂಪ್ಯೂಟರಿನ ಗಡಿಯಾರ ಸರಿಯಾಗಿದೆಯೇ ಎಂದು ಕೂಡ ನೋಡಿಬಿಡಿ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡ್‌ನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದೆ, ಹೆಚ್ಚಾಗಿ ಸಿಆರ್ 2032. ಅದು ಸತ್ತರೆ ಪ್ಲಗ್ ತೆಗೆದಾಗಲೆಲ್ಲ ದಿನಾಂಕ ವರ್ಷಗಳಷ್ಟು ಹಿಂದಕ್ಕೆ ಹೋಗುತ್ತದೆ. ಆಗ ಸಮಯ ನೋಡಿ ಹೊಸದು ಯಾವುದೆಂದು ತೀರ್ಮಾನಿಸುವ ಸಾಧನಗಳು ಹಳೆಯದನ್ನೇ ಹೊಸದೆಂದುಕೊಳ್ಳುತ್ತವೆ. ಐಮ್ಯಾಪ್‌ನವರಿಗೂ ತೊಂದರೆಯೇ: ಸರ್ವರ್ ಅಸಲಿಯೇ ಎಂದು ತೋರಿಸುವ ಪ್ರಮಾಣಪತ್ರದ ಅವಧಿ ತಾಳೆಯಾಗದೆ ಸಂಪರ್ಕವೇ ಆಗುವುದಿಲ್ಲ. ಆ ಸೆಲ್‌ಗೆ ಹೆಚ್ಚು ದುಡ್ಡೇನೂ ಬೇಕಿಲ್ಲ, ಹಾಕಿಸಿಬಿಡಿ.

ಕನ್ನಡದಲ್ಲಿ ಫೋಲ್ಡರುಗಳಿಗೆ ಹೆಸರಿಡುವವರಿಗೆ ಧೈರ್ಯದ ಮಾತೊಂದಿದೆ. ‘ಮನೆ ಕಂದಾಯ’ ಎಂದು ಹೆಸರಿಟ್ಟ ಫೋಲ್ಡರ್ ಎರಡೂ ಕಡೆ ಸರಿಯಾಗಿಯೇ ಕಾಣುತ್ತದೆ. ಡಿಸ್ಕ್‌ನಲ್ಲೋ ಸರ್ವರ್‌ನಲ್ಲೋ ಇಣುಕಿದರೆ ಮಾತ್ರ ಅದರ ಜಾಗದಲ್ಲಿ ‘&’ ಚಿಹ್ನೆಯಿಂದ ಶುರುವಾಗುವ ಅರ್ಥವಾಗದ ರೋಮನ್ ಅಕ್ಷರಗಳು ಕಾಣಬಹುದು. ಅದು ಹಾಳಾದದ್ದಲ್ಲ. ಹಳೆಯ ಐಮ್ಯಾಪ್‌ಗೆ ಇಂಗ್ಲಿಷ್ ಅಕ್ಷರಗಳಷ್ಟೇ ದಾಟಿಸಲು ಬರುತ್ತಿದ್ದುದರಿಂದ ಉಳಿದ ಲಿಪಿಗಳನ್ನು ಹಾಗೆ ಸಂಕೇತಿಸಿ ಕಳಿಸುತ್ತಿದ್ದರು. ಯೂನಿಕೋಡ್ ಹೆಸರುಗಳನ್ನು ನೇರವಾಗಿ ಒಪ್ಪುವ ಹೊಸ ಆವೃತ್ತಿ ಬಂದದ್ದು 2021ರಲ್ಲಿ. ನುಡಿ ಅಥವಾ ಬರಹದ ಹಳೆಯ ಫಾಂಟುಗಳಲ್ಲಿ, ಯೂನಿಕೋಡ್‌ಗೆ ಮುಂಚೆ ಬರೆದ ಮೇಲ್‌ಗಳ ಕಥೆ ಬೇರೆ. ಆ ಫಾಂಟ್ ಡೆಸ್ಕ್‌ಟಾಪ್‌ನಲ್ಲಿದ್ದು ಲ್ಯಾಪ್‌ಟಾಪ್‌ನಲ್ಲಿ ಇಲ್ಲದಿದ್ದರೆ ಪತ್ರ ಚಿತ್ತಾಗಿ ಕಾಣುತ್ತದೆ. ಮೇಲ್ ಕೆಟ್ಟಿಲ್ಲ, ಫಾಂಟ್ ಹಾಕಿದರೆ ಓದಬಹುದು. ಅಂಥ ಪತ್ರಗಳನ್ನು ಯಾರೂ ಅಳಿಸದಿರಲಿ ಎಂಬುದು ನನ್ನ ಮನಃಪೂರ್ವಕ ಕೋರಿಕೆ. ಎಷ್ಟೋ ಬರಹಗಾರರ ಕರಡುಗಳು, ಸಂಪಾದಕರ ಪತ್ರಗಳು ಇವತ್ತು ಹೀಗೆ ಮಾತ್ರ ಉಳಿದಿವೆ.

ಐಮ್ಯಾಪ್ ಹೊತ್ತು ತರದ ಕೆಲವು ಸಂಗತಿಗಳಿವೆ. ವಿಳಾಸ ಪುಸ್ತಕ ಅದರಲ್ಲಿ ಬರುವುದಿಲ್ಲ. ಅದಕ್ಕೆ ಕಾರ್ಡ್‌ಡಾವ್, ಕ್ಯಾಲೆಂಡರ್‌ಗೆ ಕ್ಯಾಲ್‌ಡಾವ್ ಎಂಬ ಪದ್ಧತಿಗಳಿವೆ, ಥಂಡರ್‌ಬರ್ಡ್‌ಗೆ ಎರಡೂ ಬರುತ್ತವೆ. ಪತ್ರದ ಕೊನೆಯ ಸಹಿಯನ್ನು ಎರಡೂ ಕಡೆ ಬರೆದುಕೊಳ್ಳಬೇಕು. ಫಿಲ್ಟರ್‌ಗಳ ವಿಷಯದಲ್ಲಿ ಮಾತ್ರ ಎಚ್ಚರ: ಒಂದೇ ನಿಯಮ ಎರಡೂ ಕಂಪ್ಯೂಟರಿನಲ್ಲಿದ್ದರೆ ಬಂದ ಪತ್ರವನ್ನು ಎರಡೂ ಒಟ್ಟಿಗೆ ಎಳೆದಾಡಿ ಒಂದು ಪತ್ರ ಎರಡಾಗಬಹುದು. ಬ್ರೌಸರ್‌ನಲ್ಲಿ ತೆರೆದು ಸರ್ವರ್‌ನಲ್ಲೇ ಫಿಲ್ಟರ್ ಹಾಕಿಡಿ, ಕಂಪ್ಯೂಟರ್ ಆರಿಸಿದ್ದರೂ ಅದು ಕೆಲಸ ಮಾಡುತ್ತದೆ. ಲ್ಯಾಪ್‌ಟಾಪ್ ಬಸ್ಸು ರೈಲಿನಲ್ಲಿ ಓಡಾಡುವುದರಿಂದ ಅದರ ಡಿಸ್ಕ್‌ಗೆ ಎನ್‌ಕ್ರಿಪ್ಶನ್ ಹಾಕಿಸಿ. ಕಳುವಾದ ಮೇಲೆ ಪಾಸ್‌ವರ್ಡ್ ಬದಲಿಸಿದರೂ ಅದರೊಳಗೆ ಮೊದಲೇ ಇಳಿದಿರುವ ಪತ್ರಗಳು ಕದ್ದವರ ಕೈಯಲ್ಲೇ ಇರುತ್ತವೆ.

ಇನ್ನು ಡೆಸ್ಕ್‌ಟಾಪ್‌ನಲ್ಲಿ ಎಲ್ಲವನ್ನೂ ಇಡಿ ಎಂದೆನಲ್ಲ, ಅದರ ಕಾರಣ. ಸಿಂಕ್ ಇದ್ದರೆ ಬ್ಯಾಕಪ್ ಇದ್ದಂತೆಯೇ ಎಂದು ಬಹಳ ಜನ ನಂಬಿದ್ದಾರೆ. ಸಿಂಕ್ ನಿಷ್ಠೆಯಿಂದ ಮಾಡುವ ಕೆಲಸಗಳಲ್ಲಿ ಅಳಿಸುವುದೂ ಒಂದು. ಲ್ಯಾಪ್‌ಟಾಪ್‌ನಲ್ಲಿ ಮಗು ಒಂದು ಫೋಲ್ಡರನ್ನು ಅಳಿಸಿ, ಕಸದಬುಟ್ಟಿಯನ್ನೂ ಖಾಲಿ ಮಾಡಿದರೆ ಡೆಸ್ಕ್‌ಟಾಪ್‌ನಲ್ಲೂ ಫೋನಿನಲ್ಲೂ ಅದು ಮಾಯ. ಹಾಗಾಗಿ ಡೆಸ್ಕ್‌ಟಾಪ್‌ನ ಪೂರ್ಣ ಪ್ರತಿಯನ್ನು ತಿಂಗಳಿಗೊಮ್ಮೆ ಹೊರಗಿನ ಡಿಸ್ಕ್‌ಗೆ, ಪ್ರೋಗ್ರಾಂ ಮುಚ್ಚಿ, ಕಾಪಿ ಮಾಡಿ, ಆ ಡಿಸ್ಕನ್ನು ತೆಗೆದು ಬೀರುವಿನಲ್ಲಿಡಿ. ಹಿಂದಿನ ತಿಂಗಳ ಪ್ರತಿಯ ಮೇಲೆ ಬರೆಯದೆ ಎರಡು ಮೂರು ತಿಂಗಳದ್ದನ್ನು ಬೇರೆ ಬೇರೆ ಇಟ್ಟುಕೊಳ್ಳಿ, ಅಳಿದದ್ದು ಗೊತ್ತಾಗುವಷ್ಟರಲ್ಲಿ ಒಂದು ತಿಂಗಳು ಕಳೆದಿರಬಹುದು. ಜಿಮೇಲ್‌ನವರು ಗೂಗಲ್ ಟೇಕ್‌ಔಟ್‌ನಿಂದಲೂ ಎಲ್ಲ ಪತ್ರಗಳನ್ನು ಎಂಬಾಕ್ಸ್ ಫೈಲಾಗಿ ಇಳಿಸಿಕೊಳ್ಳಬಹುದು.

ಎಲ್ಲ ಹೊಂದಿಸಿದ ಮೇಲೆ ಪರೀಕ್ಷೆ ಮಾಡಿ ನೋಡಿ. ಡೆಸ್ಕ್‌ಟಾಪ್‌ನಲ್ಲಿ ಒಂದು ಹಳೆಯ ಪತ್ರಕ್ಕೆ ನಕ್ಷತ್ರ ಹಾಕಿ, ಲ್ಯಾಪ್‌ಟಾಪ್‌ನಲ್ಲಿ ಅದು ಬಂತೇ ನೋಡಿ. ಲ್ಯಾಪ್‌ಟಾಪ್‌ನಿಂದ ನಿಮಗೇ ಒಂದು ಪತ್ರ ಕಳಿಸಿ, ಡೆಸ್ಕ್‌ಟಾಪ್‌ನ ‘ಸೆಂಟ್’ನಲ್ಲಿ ಹುಡುಕಿ. ವೈಫೈ ಆರಿಸಿ ಲ್ಯಾಪ್‌ಟಾಪ್‌ನಲ್ಲಿ ಒಂದು ಪತ್ರವನ್ನು ಬೇರೆ ಫೋಲ್ಡರಿಗೆ ಹಾಕಿ, ಮತ್ತೆ ವೈಫೈ ಹಾಕಿ, ಆಚೆ ಕಡೆಯೂ ಅದು ಅದೇ ಫೋಲ್ಡರಿಗೆ ಹೋಯಿತೇ ಗಮನಿಸಿ. ಕೊನೆಗೆ ಬ್ಯಾಕಪ್ ಡಿಸ್ಕ್‌ನಿಂದ ಹಳೆಯ ಒಂದು ವರ್ಷದ ಫೋಲ್ಡರನ್ನು ಬೇರೆ ಪ್ರೊಫೈಲ್‌ನಲ್ಲಿ ತೆರೆದು, ಅದರಲ್ಲಿನ ಒಂದು ಲಗತ್ತು ಬಿಚ್ಚಿಕೊಳ್ಳುತ್ತದೆಯೇ ಪರೀಕ್ಷಿಸಿ. ಬಿಚ್ಚಿಕೊಂಡರೆ ಆ ಹಳೆಯ ಪಾಪ್ ಖಾತೆಯನ್ನು ಈಗ ತೆಗೆಯಬಹುದು.